ಮಘೆ ಮಳೆಯ ಕೆಲಸ ಮಾರ್ಚಿಗೆ ಬಿದ್ದರೆ

ಮಾರ್ಚ್ ಎರಡನೇ ವಾರ ಮುಂಡಗೋಡ ಕಡೆಯ ಕಾಡಂಚಿನಲ್ಲಿ ಲಂಟಾನ ಎಂಬ ಕಳೆಯ ಬುಡಕ್ಕೆ ಪಿಕಾಸಿ ಎತ್ತಿ ಹಾಕಿದರೆ ಎರಡು ಬೆರಳು ಇಳಿಯುವಷ್ಟರಲ್ಲಿ ಠಣ್ಣೆಂದು ಪುಟಿಯುತ್ತದೆ. ಮಣ್ಣು ಅಷ್ಟು ಗಟ್ಟಿ. ದಿನಕ್ಕೆ ಇಷ್ಟು ಜಾಗ ಮುಗಿಸಬೇಕೆಂಬ ಲೆಕ್ಕ ತಲೆಯ ಮೇಲಿರುವಾಗ ಒಂದೊಂದು ಬುಡಕ್ಕೂ ಕಾಲು ಗಂಟೆ ಕೊಡುವವರು ಯಾರು? ಪಿಕಾಸಿ ಬದಿಗಿಟ್ಟು ಕತ್ತಿ ಹಿಡಿಯುತ್ತಾರೆ, ನೆಲಮಟ್ಟಕ್ಕೆ ಸವರಿ ಮುಂದೆ ಹೋಗುತ್ತಾರೆ. ಸಂಜೆಯ ಫೋಟೊದಲ್ಲಿ ಜಾಗ ಹಸನಾಗಿ ಕಾಣುತ್ತದೆ. ಮೃಗಶಿರ ಮಳೆ ಎರಡು ಸಲ ಹೊಡೆದ ಮೇಲೆ ಅದೇ ಬುಡದ ಸುತ್ತ ಏಳೆಂಟು ಚಿಗುರು ಎದ್ದಿರುತ್ತವೆ. ಮೊದಲು ಇದ್ದದ್ದು ನಾಲ್ಕು ಕೋಲು, ಈಗ ಪೊದೆ.

ಉತ್ತರ ಕನ್ನಡದ ರಕ್ಷಿತ ಕಾಡುಗಳಲ್ಲಿ ಕಳೆ ತೆಗೆಯುವ ಮಾತು ಬಂದಾಗೆಲ್ಲ ‘ಎಷ್ಟು ಹೆಕ್ಟೇರ್ ಆಯಿತು’ ಎಂದು ಕೇಳುವುದು ರೂಢಿ. ಅದಕ್ಕಿಂತ ಮೊದಲು ‘ಯಾವ ಮಳೆಯಲ್ಲಿ ಆಯಿತು’ ಎಂದು ಕೇಳಬೇಕು. ಗದ್ದೆ ನಟ್ಟಿಗೆ, ಅಡಿಕೆ ಔಷಧಿಗೆ ಮಳೆ ನಕ್ಷತ್ರ ನೋಡುವ ಊರು ಇದು. ಕಾಡಿನ ಕಳೆಗೂ ಅಂಥದ್ದೇ ಒಂದು ಹದ ಇದೆ. ಆ ಹದ ತಪ್ಪಿಸಿ ಮಾಡಿದ ಕೆಲಸಕ್ಕೆ ಎಷ್ಟು ಆಳು ಹಾಕಿದರೂ ಅದು ಕಳೆಗೆ ಸವರು ಕೊಟ್ಟ ಹಾಗೆ.

ಜಿಲ್ಲೆಯ ಕಾಡಿಗೆ ತಲೆನೋವಾಗಿರುವ ಮುಖ್ಯ ಗಿಡಗಳು ಎರಡು, ಲಂಟಾನ ಮತ್ತು ಯುಪಟೋರಿಯಂ. ಎರಡೂ ಅಮೆರಿಕದ ಉಷ್ಣವಲಯದಿಂದ ಬಂದವು, ಎರಡೂ 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದ ಕೋಲ್ಕತ್ತದ ಸಸ್ಯೋದ್ಯಾನದಿಂದ ಹೊರಬಿದ್ದವು. ಯುಪಟೋರಿಯಂಗೆ ಸಸ್ಯಶಾಸ್ತ್ರದವರು ಕ್ರೊಮೊಲಿನಾ ಒಡೊರಾಟ ಎಂದು ಹೆಸರು ಬದಲಿಸಿ ಬಹಳ ಕಾಲವಾಯಿತು. ಇಲ್ಲಿ ಯಾರ ನಾಲಿಗೆಗೂ ಅದು ಹತ್ತಿಲ್ಲ. ಲಂಟಾನ ಒಂದೇ ದೇಶದ ಹುಲಿ ಕಾಡುಗಳಲ್ಲಿ ಸುಮಾರು 1.54 ಲಕ್ಷ ಚದರ ಕಿ.ಮೀ. ಹಬ್ಬಿದೆ, ಅಂದರೆ ಶೇ 40ಕ್ಕೂ ಹೆಚ್ಚು, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು.

ಜಿಲ್ಲೆಯೊಳಗೆ ಇವೆರಡೂ ಜಾಗ ಹಂಚಿಕೊಂಡಂತಿವೆ. ಘಟ್ಟದ ಪೂರ್ವಕ್ಕೆ ಮುಂಡಗೋಡ, ಹಳಿಯಾಳ ಕಡೆಯ ಎಲೆ ಉದುರುವ ಕಾಡಿನಲ್ಲಿ ಲಂಟಾನದ ಕೈ ಮೇಲು. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಪಶ್ಚಿಮಕ್ಕೆ, ಮಳೆ ಹೆಚ್ಚಿದಂತೆ ಯುಪಟೋರಿಯಂ. ಕರಾವಳಿಯ ಗುಡ್ಡಗಳಲ್ಲಿ ಇಲಾಖೆಯೇ ನೆಟ್ಟ ಅಕೇಶಿಯಾ ಇದೆ. ಅದು ಬೇರೆಯೇ ಜಗಳ, ಇಲ್ಲಿ ಬೇಡ.

ನೆರಳು ಮುಚ್ಚಿದ ಕಾನಿನ, ಅಂದರೆ ದಟ್ಟ ಹಸಿರು ಕಾಡಿನ, ಒಳಗೆ ಈ ಎರಡೂ ಕಾಲಿಡುವುದಿಲ್ಲ ಎಂಬುದನ್ನು ಮರೆಯಬಾರದು. ನೆಲಕ್ಕೆ ಬಿಸಿಲು ಬಿದ್ದ ಕಡೆಯಷ್ಟೇ ಅವು ಬರುತ್ತವೆ. ರಸ್ತೆಯ ಅಂಚು, ಬೆಂಕಿ ರೇಖೆ, ಕೈಗಾದಿಂದ ಹೊರಟ ವಿದ್ಯುತ್ ಮಾರ್ಗಗಳ ಕೆಳಗಿನ ಬೋಳು ಪಟ್ಟಿ, ಜನ ಬಿಟ್ಟುಹೋದ ಗದ್ದೆ, ಸೊಪ್ಪು ಸವರಿ ಸವರಿ ಮರಗಳೆಲ್ಲ ಕಂಬದಂತಾದ ಬೆಟ್ಟ ಇವುಗಳ ನೆಲೆ. ಈ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ಕಡಿದುಕೊಳ್ಳುವ ಕಾಡಿನ, ಸೌಲಭ್ಯ ಇದೆ. ಹದವಾಗಿ ಸೊಪ್ಪು ಕಡಿದ ಬೆಟ್ಟದಲ್ಲಿ ನೆರಳು ಉಳಿಯುತ್ತದೆ, ಅತಿಯಾಗಿ ಕಡಿದಲ್ಲಿ ಯುಪಟೋರಿಯಂ ಎದೆಯೆತ್ತರ ನಿಲ್ಲುತ್ತದೆ. ಪಕ್ಕದ ರಕ್ಷಿತಾರಣ್ಯಕ್ಕೆ ಬೀಜ ಬರುವುದು ಅಲ್ಲಿಂದಲೇ. ಗಡಿಕಲ್ಲಿನ ಒಳಗೆ ಮಾತ್ರ ಕಿತ್ತು, ಆಚೆಯ ಬೆಟ್ಟದ ರೈತರ ಜತೆ ಮಾತೇ ಆಡದ ಯೋಜನೆ ಗಾಳಿಯ ದಿಕ್ಕನ್ನು ಮರೆತಿದೆ.

ಪ್ರಾಣಿಗಳಿಗೆ ತೊಂದರೆ ಎಲ್ಲಿ? 1956ರಲ್ಲಿ ದಾಂಡೇಲಿ ಅಭಯಾರಣ್ಯವಾಗಿ ಶುರುವಾಗಿ, 2007ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಹುಲಿ ರಕ್ಷಿತಾರಣ್ಯವಾಗಿ, ಈಗ ಕಾಳಿ ಎಂಬ ಹೆಸರು ಹೊತ್ತಿರುವ ಕಾಡನ್ನೇ ತೆಗೆದುಕೊಳ್ಳಿ. ಹುಲಿಗೆ ಬೇಕಾದ್ದು ಕಾಟಿ, ಕಡವೆ, ಜಿಂಕೆ. ಅವಕ್ಕೆ ಬೇಕಾದ್ದು ಹುಲ್ಲು. ಹುಲ್ಲಿರುವುದು ಬೇಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಮತ್ತು ಹಳೆಯ ಗದ್ದೆಬಯಲುಗಳಲ್ಲಿ. ಕಳೆಯೂ ಮೊದಲು ಹಿಡಿಯುವುದು ಅವನ್ನೇ. ಲಂಟಾನದ ಎಲೆ ದನಕರುಗಳಿಗೆ ವಿಷ, ಯುಪಟೋರಿಯಂ ಅನ್ನು ಮೇಯುವ ಪ್ರಾಣಿ ಇಲ್ಲವೆಂದೇ ಹೇಳಬೇಕು. ಹಸುರು ತುಂಬಿದಂತೆ ಕಾಣುವ ಬಯಲಿನಲ್ಲಿ ಕಾಟಿ ಹಸಿದಿರುವುದು ಹೀಗೆ.

ಈಗ ಬುಡದ ವಿಷಯ. ಲಂಟಾನದ ಕಾಂಡ ಮುಗಿದು ಬೇರು ಶುರುವಾಗುವ ಕಡೆ, ನೆಲದ ಮಟ್ಟದಲ್ಲೇ, ಗಂಟುಗಂಟಾಗಿ ಉಬ್ಬಿದ ಕತ್ತೊಂದಿದೆ. ಚಿಗುರೆಲ್ಲ ಹೊರಡುವುದು ಅಲ್ಲಿಂದ. ಅದರ ಕೆಳಗಿನ ಬೇರಿಗೆ ಚಿಗುರುವ ಶಕ್ತಿ ಇಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನಲ್ಲಿ ರೂಢಿಗೆ ತಂದ ವಿಧಾನದ ಗುಟ್ಟೆಲ್ಲ ಇಷ್ಟೇ: ಮುಖ್ಯ ಬೇರನ್ನು ನೆಲದಿಂದ 3ರಿಂದ 5 ಸೆಂ.ಮೀ. ಕೆಳಗೆ ಒಂದೇ ಕಡೆ ತುಂಡರಿಸಿ, ಕತ್ತನ್ನು ಗಿಡದ ಜತೆಗೇ ಎತ್ತಿಬಿಡುವುದು. ಇಡೀ ಬೇರು ಅಗೆಯಬೇಕಾಗಿಲ್ಲ. ಪಕ್ಕದ ಬೇರುಗಳು ಮಣ್ಣಲ್ಲೇ ಉಳಿದು ಕೊಳೆಯುತ್ತವೆ, ಗುಂಡಿ ಬೀಳುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ಇದು ಸಣ್ಣ ಲಾಭವಲ್ಲ. ಜೆಸಿಬಿ ತಂದು ಬಾಚಿದರೆ ಒಂದೇ ಆರಿದ್ರಾ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ, ಅಡಿಯಲ್ಲಿ ಮಲಗಿದ್ದ ಕಳೆಬೀಜ ಮೇಲೆ ಬರುತ್ತದೆ.

ಕೆಲಸಕ್ಕೆ ಜೋಡಿ ಬೇಕು. ಒಬ್ಬರು ಕವಲುಕೋಲಿನಿಂದ ಪೊದೆಯನ್ನು ತಮ್ಮಿಂದ ಆಚೆಗೆ ಒತ್ತಿ ಬುಡ ಬಯಲು ಮಾಡಬೇಕು, ಇನ್ನೊಬ್ಬರು ಎಳೆತ ಬಿದ್ದಿರುವ ಬದಿಯಿಂದ ಕಿರಿದಾದ ಬಾಯಿಯ ಪಿಕಾಸಿಯನ್ನು ಓರೆಯಾಗಿ ಹಾಕಬೇಕು. ಅಗಲ ಗುದ್ದಲಿ ಬೇಡ. ಅದು ಬೇರನ್ನು ಕತ್ತರಿಸುವ ಬದಲು ಕತ್ತನ್ನು ಸೀಳುತ್ತದೆ, ಸೀಳಿದ ಅರ್ಧ ನೆಲದಲ್ಲುಳಿದು ಚಿಗುರುತ್ತದೆ. ಎತ್ತಿದ ಬುಡವನ್ನು ಒಮ್ಮೆ ತಿರುಗಿಸಿ ನೋಡಿ. ಗಂಟುಕತ್ತು ಪೂರ್ತಿ ಇದ್ದು ಅದರ ಕೆಳಗೆ ಒಂದಂಗುಲ ಬೇರಿನ ಮೊಂಡು ಕಂಡರೆ ಆ ಗಿಡದ ಕತೆ ಮುಗಿಯಿತು. ಮೊಂಡು ಕಾಣದಿದ್ದರೆ ಅದೇ ಗುಳಿಗೆ ಇನ್ನೊಂದು ಏಟು. ಆಮೇಲೆ ಪೊದೆಯನ್ನು ತಲೆಕೆಳಗಾಗಿ, ಬೇರು ಆಕಾಶಕ್ಕೆ ಮಾಡಿ, ಬಂಡೆ ಅಥವಾ ಕೊರಡಿನ ಮೇಲೆ ಒರಗಿಸಬೇಕು. ಮಳೆಗಾಲದಲ್ಲಿ ಹಸಿ ನೆಲದ ಮೇಲೆ ಅಡ್ಡ ಮಲಗಿಸಿದ ಲಂಟಾನದ ಕೋಲು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಎಷ್ಟೋ ಕಡೆ ಕಿತ್ತು ಹಾಕಿದ ರಾಶಿಯೇ ಮರುವರ್ಷದ ಪೊದೆಯಾಗಿರುವುದು ಈ ಒಂದು ಅಸಡ್ಡೆಯಿಂದ.

ಯುಪಟೋರಿಯಂ ಇದಕ್ಕಿಂತ ಸಲೀಸು, ಹದ ಸಿಕ್ಕರೆ. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. ಮಣ್ಣು ನೆನೆದಿದ್ದಾಗ ಮೊಣಕಾಲೆತ್ತರದವರೆಗಿನ ಗಿಡವನ್ನು ಬುಡಕ್ಕೆ ಎರಡೂ ಕೈ ಹಾಕಿ ಓರೆಯಾಗಿ ಎಳೆದರೆ ಬೇರಿನ ಗಡ್ಡ ಸಮೇತ ಬರುತ್ತದೆ. ನೆಟ್ಟಗೆ ಮೇಲಕ್ಕೆ ಜಗ್ಗಿದರೆ ಕಾಂಡ ಪಟ್ಟನೆ ಮುರಿದು ಬುಡ ಒಳಗೇ ಉಳಿಯುತ್ತದೆ. ಹಳೆಯ, ಹೆಬ್ಬೆರಳು ದಪ್ಪದ ಕೋಲಿನ ಬುಡಗಳಿಗೆ ಪಿಕಾಸಿಯೇ ಬೇಕು. ಗುರುತು ಸಿಗದಿದ್ದರೆ ಎಲೆ ತಿರುವಿ ನೋಡಿ: ತೊಟ್ಟಿನಿಂದ ತುಸು ಮೇಲೆ ಮೂರು ನರಗಳು ತ್ರಿಶೂಲದ ಹಾಗೆ ಕವಲಾಗಿರುತ್ತವೆ, ಉಜ್ಜಿದರೆ ಖಾರವಾದ ವಾಸನೆ. ಲಂಟಾನಕ್ಕೆ ಚೌಕ ಕಾಂಡ, ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಹೊಸ ಆಳುಗಳ ಕೈಗೆ ಗುರುಗಿ, ಕೌಳಿ, ಮತ್ತಿಯ ಸಸಿಗಳೂ ಸಿಕ್ಕಿ ರಾಶಿ ಸೇರುವುದುಂಟು. ಹಾಗಾಗಿ ಮೊದಲು ಒಬ್ಬರು ಮುಂದೆ ನಡೆದು ಪೊದೆಯೊಳಗಿನ ನೇರಲೆ, ಹೊನ್ನೆ, ನಂದಿ, ಕಿಂದಳದ ಸಸಿಗಳಿಗೆ ಬಣ್ಣದ ಬಟ್ಟೆಚೂರು ಕಟ್ಟಿ ಬರಬೇಕು. ಅರ್ಧ ದಿನದ ಕೆಲಸ. ಆದರೆ ಆ ಸಸಿಗಳನ್ನು ಮತ್ತೆ ನೆಡುವ ಖರ್ಚು ಉಳಿಯುತ್ತದೆ.

ಈಗ ಹದಕ್ಕೆ ಬರೋಣ. ಯುಪಟೋರಿಯಂ ಹೂ ಬಿಡುವುದು ನವೆಂಬರ್ ಕೊನೆಯಿಂದ. ಜನವರಿ ದಾಟಿದ ಮೇಲೆ ಬಿಳಿ ತುಪ್ಪಳದ ಬೀಜ ಗಾಳಿಗೆ ಏಳುತ್ತದೆ. ಒಂದು ದೊಡ್ಡ ಗಿಡದಲ್ಲಿ ಹತ್ತಾರು ಸಾವಿರ ಬೀಜ. ಲಂಟಾನ ತೇವ ಇರುವವರೆಗೆ ಹೂ ಬಿಡುತ್ತಲೇ ಇರುತ್ತದೆ, ಅದರ ಕಪ್ಪು ಹಣ್ಣನ್ನು ಪಿಕಳಾರ ಹಕ್ಕಿಗಳು ಹೊತ್ತು ಸಾಗಿಸುತ್ತವೆ. ಮಣ್ಣು ಮೆತ್ತಗಿರಬೇಕು, ಹೂ ಬಂದಿರಬಾರದು, ಕಾಡೊಳಗೆ ಇಡೀ ದಿನ ನಿಲ್ಲುವಷ್ಟು ಮಳೆ ಬಿಡುವು ಕೊಡಬೇಕು. ಈ ಮೂರೂ ಕೂಡುವುದು ಆಗಸ್ಟ್ ನಡುವಿನ ಮಘೆ ಮಳೆಯಿಂದ ಅಕ್ಟೋಬರ್ ಮೊದಲ ವಾರದ ಹಸ್ತ ಮಳೆಯವರೆಗೆ. ಸುಮಾರು ಏಳೆಂಟು ವಾರ. ಮುಂಡಗೋಡ ಕಡೆ ಮಣ್ಣು ಬೇಗ ಗಟ್ಟಿಯಾಗುವುದರಿಂದ ಅಲ್ಲಿ ಮೊದಲು ಶುರು ಮಾಡಿ, ಆಮೇಲೆ ಘಟ್ಟದ ಅಂಚಿಗೆ ಬರಬೇಕು.

ಸ್ವಾರಸ್ಯವೆಂದರೆ, ಆಳು ಸಿಗುವುದೂ ಆಗಲೇ. ಜೂನ್, ಜುಲೈಯಲ್ಲಿ ನಟ್ಟಿ ಮತ್ತು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ. ಆಗ ಯಾರನ್ನು ಕರೆದರೂ ಬರುವುದಿಲ್ಲ. ನವೆಂಬರಿನಿಂದ ಭತ್ತದ ಕೊಯ್ಲು, ಅಡಿಕೆ ಗೊನೆ ಕೊಯ್ಲು, ಅಡಿಕೆ ಸುಲಿಯುವುದು. ನಡುವೆ ಚೌತಿಯ ಹಿಂದುಮುಂದಿನ ದಿನಗಳಷ್ಟೇ ಖಾಲಿ. ಕಳೆಯ ಹದ, ಊರಿನ ಬಿಡುವು ಎರಡೂ ಹೊಂದುತ್ತವೆ. ಹೊಂದದಿರುವುದು ಹಣದ ಹದ. ಹಣಕಾಸು ವರ್ಷ ಏಪ್ರಿಲ್‌ನಿಂದ ಶುರು. ಯೋಜನೆ ಬರೆದು, ಮಂಜೂರಾಗಿ, ಟೆಂಡರ್ ಕರೆದು, ಹಣ ಬಿಡುಗಡೆಯಾಗುವಷ್ಟರಲ್ಲಿ ಮಳೆ ಮುಗಿದಿರುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಹಣ ವಾಪಸು. ಆಗ ಯಾವ ಅಧಿಕಾರಿಯಾದರೂ ಮಾಡುವುದನ್ನೇ ಮಾಡುತ್ತಾರೆ, ಜನವರಿಯಿಂದ ಮಾರ್ಚಿಯೊಳಗೆ ಕೆಲಸ ಮುಗಿಸುತ್ತಾರೆ. ಯಾರೊಬ್ಬರ ಸೋಮಾರಿತನವೂ ಇದರಲ್ಲಿಲ್ಲ, ಗಡಿಯಾರವೇ ಬೇರೆ.

ಆ ತಿಂಗಳುಗಳಲ್ಲಿ ಯುಪಟೋರಿಯಂ ಕಡಿಯುವುದೆಂದರೆ ಬೀಜ ಬಿತ್ತಿದಂತೆಯೇ. ಬೀಜಕ್ಕೆ ಸೂಕ್ಷ್ಮ ಮುಳ್ಳುಗಳಿವೆ. ಪಂಚೆ, ಸಾಕ್ಸು, ಹಗ್ಗ, ಜೀಪಿನ ಟೈರಿನ ಕೆಸರು ಎಲ್ಲಕ್ಕೂ ಅಂಟುತ್ತದೆ. ಬೆಳಿಗ್ಗೆ ಕಳೆ ತುಂಬಿದ ರಸ್ತೆ ಬದಿಯಲ್ಲಿ ಕಡಿದ ಗುಂಪು ಮಧ್ಯಾಹ್ನ ಶುದ್ಧವಾದ ಒಳಕಾಡಿಗೆ ಹೋದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಯಾವ ಕಾಲದಲ್ಲೇ ಆಗಲಿ ಕಡಿಮೆ ಕಳೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹೋಗಬೇಕು, ವಾಪಸು ಬರುವಾಗ ಗಮ್ ಬೂಟನ್ನೂ ಹಲ್ಲುಳ್ಳ ಉಪಕರಣಗಳನ್ನೂ ಅಲ್ಲೇ ಬ್ರಷ್ ಹಾಕಿ ಉಜ್ಜಬೇಕು.

ಇನ್ನೊಂದು ಅಪಾಯ ಮನುಷ್ಯರಿಗೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಸಿದ್ದಾಪುರ, ಹೊನ್ನಾವರದವರಿಗೆ ಅದರ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ. ಅದನ್ನು ಹರಡುವ ಮರಿ ಉಣುಗುಗಳು ಚುರುಕಾಗಿರುವುದು ಡಿಸೆಂಬರಿನಿಂದ ಮೇವರೆಗೆ, ಅದೂ ಸೊಂಟದೆತ್ತರದ ಪೊದೆ ಮತ್ತು ತರಗೆಲೆಯಲ್ಲಿ. ಅಂದರೆ ಮಾರ್ಚಿಯ ಕಳೆ ಕೆಲಸ ಆಳುಗಳನ್ನು ಸರಿಯಾಗಿ ಉಣುಗಿನ ಹೊತ್ತಿಗೆ ಸರಿಯಾಗಿ ಉಣುಗಿನ ಜಾಗಕ್ಕೆ ಕಳುಹಿಸುತ್ತದೆ. ಅನಿವಾರ್ಯವಾದರೆ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ, ಉದ್ದ ತೋಳು, ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿನಲ್ಲಿ ಅದ್ದುವುದು ತಪ್ಪಬಾರದು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ, ನಿಜ. ಉಪ್ಪಿನ ಗಂಟು ಅಥವಾ ಹೊಗೆಸೊಪ್ಪು ಸುಣ್ಣ ಸಾಕು, ಉಂಬಳದಿಂದ ಯಾರೂ ಸತ್ತಿಲ್ಲ. ಹಾವಿನ ಎಚ್ಚರ ಎರಡೂ ಕಾಲಕ್ಕೆ ಇರಬೇಕು: ಬುಡಕ್ಕೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಬೇಕು. ಕೊಳಕುಮಂಡಲಕ್ಕೆ ಪ್ರತಿವಿಷ ಇದೆ. ತರಗೆಲೆಯ ಬಣ್ಣದ, ಮೇಲಕ್ಕೆದ್ದ ಮೂಗಿನ ಗುಳಿಮಂಡಲಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ನಾಟುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎನ್ನುವುದರಲ್ಲೂ ಸಾಮಾನ್ಯ ಬುದ್ಧಿ ಅಡ್ಡದಾರಿ ಹಿಡಿಸುತ್ತದೆ. ಕಣ್ಣಿಗೆ ರಾಚುವುದು ದಟ್ಟವಾದ ಪೊದೆ. ಮೊದಲು ಅದನ್ನೇ ಕೆಡವೋಣ ಅನಿಸುತ್ತದೆ. ಅಷ್ಟೇ ಆಳಿನಲ್ಲಿ ಬಿಡಿಬಿಡಿಯಾಗಿ ನಾಲ್ಕಾರು ಬುಡಗಳಿರುವ ಹತ್ತುಪಟ್ಟು ಜಾಗವನ್ನು ಉಳಿಸಿಕೊಳ್ಳಬಹುದು. ಮೊದಲು ಅಲ್ಲಿಗೆ, ಆಮೇಲೆ ಹಳ್ಳದ ಮೇಲ್ತುದಿಗೆ, ಆಮೇಲೆ ಹಕ್ಕಿ ಕೂರುವ ಒಂಟಿ ಮರಗಳ ಬುಡಕ್ಕೆ. ದಟ್ಟ ಪೊದೆ ಕೊನೆಗೆ. ಅದನ್ನೂ ಒಮ್ಮೆಲೇ ಬೋಳು ಮಾಡದೆ ಸುಮಾರು ಐದು ಮೀಟರ್ ಅಗಲದ ಪಟ್ಟಿಗಳಲ್ಲಿ, ಒಂದು ಬಿಟ್ಟು ಒಂದು ತೆಗೆಯಬೇಕು. ಕಾಡುಕೋಳಿಗೂ ಮೊಲಕ್ಕೂ ಈಗ ಆ ಪೊದೆಯೇ ಮನೆ. ಅತ್ತಿವೇರಿಯಂಥ, ಎರಡೂಕಾಲು ಚದರ ಕಿ.ಮೀ. ಮೀರದ ಪಕ್ಷಿಧಾಮದಲ್ಲಿ ಗೂಡು ಕಟ್ಟುವ ತಿಂಗಳಲ್ಲಿ ನೀರಂಚಿಗೆ ಹೋಗಲೇಬಾರದು. ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಬೆಂಕಿ ಹುಲ್ಲಿನ ಬೀಜವನ್ನು, ಮರದ ಸಸಿಯನ್ನು ಸುಡುತ್ತದೆ, ಲಂಟಾನದ ಕತ್ತು ಬೂದಿಯ ಗೊಬ್ಬರ ತಿಂದು ಏಳುತ್ತದೆ. ಗ್ಲೈಫೋಸೇಟ್ ಕಳೆನಾಶಕ ಹೊಡೆದುಬಿಡೋಣ ಎನ್ನುವವರಿದ್ದಾರೆ. 2022ರಲ್ಲಿ ಅದರ ಬಳಕೆಗೆ ಕೇಂದ್ರ ನಿರ್ಬಂಧ ಹೇರಿತು. ಇಲ್ಲದಿದ್ದರೂ, ಕಪ್ಪೆ ಮೀನು ತುಂಬಿದ ಘಟ್ಟದ ಹಳ್ಳಗಳ ತಲೆಯ ಮೇಲೆ ಹೊಡೆಯುವ ಔಷಧಿ ಅದಲ್ಲ.

ಕಿತ್ತ ಮೇಲಿನ ಕೆಲಸವೇ ಕೀಳುವುದಕ್ಕಿಂತ ದೊಡ್ಡದು. ಲಂಟಾನದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಬಿಸಿಲು ಬಿದ್ದ ಮರುವರ್ಷವೇ ಸಾವಿರಾರು ಮೊಳಕೆ. ಅವನ್ನು ಜೂನ್ ಕೊನೆಗೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ, ಹೀಗೆ ಕನಿಷ್ಠ ಮೂರು ವರ್ಷ ಕೈಯಲ್ಲಿ ಕೀಳಬೇಕು. ಗೇಣುದ್ದ ಇರುವಾಗ ಎರಡು ಬೆರಳಲ್ಲಿ ಬರುವುದು ಎರಡನೇ ವರ್ಷ ಪಿಕಾಸಿ ಬೇಡುತ್ತದೆ. ಆದ್ದರಿಂದ ನೂರು ಆಳಿನ ಹಣವಿದ್ದರೆ ಹೊಸ ಜಾಗಕ್ಕೆ ಐವತ್ತು ಮಾತ್ರ, ಉಳಿದದ್ದು ಹಳೆಯದಕ್ಕೆ ಎಂದು ಮೊದಲೇ ಕಟ್ಟಿಡಬೇಕು. ಪ್ರತಿ ವರ್ಷ ನೂರಕ್ಕೆ ನೂರನ್ನೂ ಹೊಸ ಜಾಗಕ್ಕೆ ಸುರಿದರೆ ಮೂರನೇ ವರ್ಷಕ್ಕೆ ಕಾಗದದಲ್ಲಿ ಮೂರು ಪಟ್ಟು ಜಾಗ, ನೆಲದಲ್ಲಿ ಮೊದಲಿನಷ್ಟೇ ಕಳೆ. ಜತೆಗೆ ಲಂಟಾನ ಹೋದ ಜಾಗಕ್ಕೆ ಯುಪಟೋರಿಯಂ ಬಂದು ಕೂತಿರುತ್ತದೆ.

ಖಾಲಿ ಬಿಟ್ಟ ನೆಲ ಯಾರಿಗಾದರೂ ಸಲ್ಲುತ್ತದೆ. ಅದನ್ನು ಹುಲ್ಲಿಗೆ ಕೊಡಬೇಕು. ಹತ್ತಿರದ ಬೇಣದಿಂದ ನವೆಂಬರಿನಲ್ಲಿ, ತೆನೆ ಮಾಗಿ ಉದುರುವ ಮುನ್ನ, ಕರಡ ಹುಲ್ಲನ್ನು ಬೀಜ ಸಮೇತ ಕೊಯ್ದು ಕಟ್ಟು ಕಟ್ಟಿ, ಒಣ ಅಟ್ಟದಲ್ಲಿ ಇಲಿ ಮುಟ್ಟದಂತೆ ಇಡಬೇಕು. ಮೇ ಕೊನೆಗೆ ಕಿತ್ತ ಪಟ್ಟಿಯ ಮೇಲೆ ಆ ಕಟ್ಟುಗಳನ್ನು ಬಿಚ್ಚಿ ತೆಳುವಾಗಿ ಹರಡಿದರೆ ಸಾಕು, ರೋಹಿಣಿ ಮಳೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ದಪ್ಪ ಹರಡಿದರೆ ಕೊಳೆತು ಮೊಳಕೆ ಸಾಯುತ್ತದೆ. ಬೇರೆ ಜಿಲ್ಲೆಯ ಮೇವಿನ ಬೀಜ ತರಬಾರದು. ಅದರ ಜತೆ ಕಾಂಗ್ರೆಸ್ ಗಿಡದ ಬೀಜ ಉಚಿತವಾಗಿ ಬರುತ್ತದೆ. ಮರ ಬೇಕಾದ ಕಡೆ ಚಂದಕಲದಂಥ ಬೇಗ ನೆರಳು ಕೊಡುವ ಸ್ಥಳೀಯ ಗಿಡ ಮೊದಲು ಬರಲಿ. ಬೇಣದಲ್ಲಿ ಮಾತ್ರ ಮರ ನೆಡುವ ಹುಮ್ಮಸ್ಸು ಬೇಡ.

ಕಳೆಯನ್ನು ಸಂಪತ್ತು ಮಾಡೋಣ ಎಂಬ ಮಾತು ಕೇಳಲು ಚೆನ್ನ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದಿಂದ ಪೀಠೋಪಕರಣ ಮಾಡುತ್ತಿರುವುದು ನಿಜ, ಒಳ್ಳೆಯದೂ ಹೌದು. ಆದರೆ ಕುರ್ಚಿಗೆ ಬೇಕಾದ್ದು ನೇರವಾದ ಕೋಲು, ಬೇರಲ್ಲ. ಕೋಲು ಕಡಿದರೆ ಮುಂದಿನ ವರ್ಷಕ್ಕೆ ಇನ್ನಷ್ಟು ನೇರ ಕೋಲು ಸಿಗುತ್ತದೆ, ಕುಶಲಕರ್ಮಿಗೆ ಅದು ಬೆಳೆ. ಅಭಯಾರಣ್ಯದ ಒಳಗಿನಿಂದ ಮಾರಾಟಕ್ಕೆ ಸಾಗಿಸುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು ಅಡ್ಡ ಬರುತ್ತದೆ. ಅದೇ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಆಕ್ರಮಣಕಾರಿ ವಿದೇಶಿ ಪ್ರಭೇದಗಳನ್ನು ಮೊದಲ ಬಾರಿ ಹೆಸರಿಸಿ, ಅವುಗಳ ಆಮದು, ಮಾರಾಟ, ಹರಡುವಿಕೆಯನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಬುಡ ಕೀಳುವ ಹಣದ ಹೊತ್ತಿನ ಬಗ್ಗೆ ಅದರಲ್ಲಿ ಏನೂ ಇಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಅದು ಲೆಕ್ಕಪತ್ರದ ವಿಷಯ. ಯುಪಟೋರಿಯಂ ವಿಚಾರದಲ್ಲಿ ಮಾತ್ರ ಒಂದು ಬಳಕೆ ಮೆಚ್ಚುವಂಥದ್ದು: ಗಡಿಯಾಚೆಯ ಬೆಟ್ಟಗಳಲ್ಲಿ ಅದನ್ನು ಬೇರು ಸಮೇತ ಕಿತ್ತು, ಬೇರಿನ ಮಣ್ಣು ಕೊಡವಿ ಒಣಗಿಸಿ, ಅಡಿಕೆ ಬುಡಕ್ಕೆ ಹೊದಿಕೆ ಮಾಡಬಹುದು. ಹೂಮೊಗ್ಗು ಕಾಣುವ ಮೊದಲು, ಹಸ್ತ ಮಳೆಯೊಳಗೆ. ಹೂ ಬಂದ ಮೇಲೆ ತೋಟಕ್ಕೆ ತಂದವರು ಮರುವರ್ಷ ತೋಟದಲ್ಲೇ ಕೀಳುತ್ತಾರೆ.

ಹಣದ ಹೊತ್ತು ಸರಿಪಡಿಸಲು ಹೊಸ ಕಾನೂನು ಬೇಡ. ಒಂದು ವರ್ಷದ ಮಂಜೂರಾತಿಯನ್ನು ಮೂರು ವರ್ಷದ್ದು ಮಾಡಿದರೆ ಮೊದಲ ವರ್ಷ ತಡವಾದರೂ ಎರಡನೇ ಮಘೆ ಮಳೆಗೆ ಹಣ ಕೈಯಲ್ಲಿರುತ್ತದೆ. ಅಲ್ಲಿಯವರೆಗೆ ಮಾರ್ಚಿಯಲ್ಲೇ ಖರ್ಚು ಮಾಡಬೇಕಾಗಿ ಬಂದರೆ ಮಾರ್ಚಿಗೆ ತಕ್ಕ ಕೆಲಸಗಳಿಗೇ ಖರ್ಚು ಮಾಡಬಹುದು: ಜಾಗದ ನಕ್ಷೆ, ಪಿಕಾಸಿ, ಕೈಗವಸು, ಗಮ್ ಬೂಟು ಖರೀದಿ, ಮುಂದಿನ ಪಟ್ಟಿಗಳ ಗೂಟ ಹೊಡೆಯುವುದು. ಅಳತೆಯೂ ಬದಲಾಗಬೇಕು. ಪ್ರತಿ ಹೆಕ್ಟೇರಿನಲ್ಲಿ ಹತ್ತು ಮೀಟರ್ ಚೌಕದ ನಾಲ್ಕು ಜಾಗಗಳಿಗೆ ಗೂಟ ಹೊಡೆದು, ಕಿತ್ತ ದಿನ ಒಮ್ಮೆ, ಮುಂದಿನ ಸೆಪ್ಟೆಂಬರಿನಲ್ಲೊಮ್ಮೆ ಮರುಚಿಗುರು ಎಷ್ಟು, ಮೊಳಕೆ ಎಷ್ಟು ಎಂದು ಬೇರೆಬೇರೆಯಾಗಿ ಎಣಿಸಬೇಕು. ಮರುಚಿಗುರು ಹೆಚ್ಚಿದ್ದರೆ ಕಿತ್ತವರ ಕೈ ತಪ್ಪಿದೆ, ಮೊಳಕೆ ಹೆಚ್ಚಿದ್ದರೆ ಹೊತ್ತು ತಪ್ಪಿದೆ ಅಥವಾ ಮರಳಿ ಬರುವುದು ತಡವಾಗಿದೆ. ಬಿಲ್ಲಿನ ಕೊನೆಯ ಮೂರನೇ ಒಂದು ಭಾಗವನ್ನು ಆ ಎರಡನೇ ಎಣಿಕೆಯವರೆಗೆ ತಡೆದಿಟ್ಟರೆ ಗುತ್ತಿಗೆದಾರ ಬುಡವನ್ನು ತಿರುಗಿಸಿ ನೋಡುವುದನ್ನು ತಾನಾಗಿಯೇ ಕಲಿಯುತ್ತಾನೆ. ಆದರೆ ಆಳಿನ ಕೂಲಿಯನ್ನು ಮಾತ್ರ ವಾರದ ಕೊನೆಗೇ ಕೊಡಬೇಕು.